ಓರೆಗೆರೆಗೆ ಯಾವ ಬಣ್ಣ?

10+/1 2 3 ಎಂದು ಬರೆದು ಎಂಟರ್ ಒತ್ತಿದರೆ ಕ್ಯೂ ಎಂಬ ಪ್ರೋಗ್ರಾಮಿಂಗ್ ಭಾಷೆ 16 ಎನ್ನುತ್ತದೆ. ಹತ್ತರಿಂದ ಶುರುಮಾಡಿ ಒಂದು, ಎರಡು, ಮೂರನ್ನು ಕೂಡಿಸುತ್ತ ಹೋಗು ಎಂಬುದು ಆ ಸಾಲಿನ ಅಪ್ಪಣೆ. ಕೂಡುವ ಚಿಹ್ನೆಗೆ ಅಂಟಿಕೊಂಡ ಓರೆಗೆರೆ, ಅಂದರೆ ಸ್ಲ್ಯಾಷ್, ಆ ಕೆಲಸವನ್ನು ಪಟ್ಟಿಯ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಈಗ ಗೆರೆಗೂ ಕೂಡುಚಿಹ್ನೆಗೂ ನಡುವೆ ಒಂದು ಸ್ಪೇಸ್ ಬಿಡಿ: 10+ /1 2 3. ಸ್ಪೇಸಿನ ನಂತರ ಬಂದ ಸ್ಲ್ಯಾಷ್ ಕಮೆಂಟಿನ ಆರಂಭವಾದ್ದರಿಂದ ಅಲ್ಲಿಂದಾಚೆಗಿನದನ್ನು ಯಂತ್ರ ಓದುವುದೇ ಇಲ್ಲ. ಉಳಿದ 10+ ತಪ್ಪೇನಲ್ಲ, ಯಾವ ಸಂಖ್ಯೆ ಕೊಟ್ಟರೂ ಅದಕ್ಕೆ ಹತ್ತು ಸೇರಿಸಿಕೊಡುವ ಫಂಕ್ಷನ್ ಅದು. ಹಾಗಾಗಿ ಎರರ್ ಕೂಡ ಬರುವುದಿಲ್ಲ.

ಎಡಿಟರಿನಲ್ಲಿ ಕೋಡಿಗೆ ಬಣ್ಣ ಹಚ್ಚುವ ಸಿಂಟ್ಯಾಕ್ಸ್ ಹೈಲೈಟಿಂಗ್ ಕೆಲಸಕ್ಕೆ ಬರಬೇಕಾದದ್ದು ಇಂಥ ಕಡೆ. ಎರಡನೆಯ ಸಾಲಿನ ಬಾಲ ಬೂದುಬಣ್ಣಕ್ಕೆ ತಿರುಗಿತೋ, ಬರೆಯುತ್ತಿದ್ದವರ ಕೈ ತಾನಾಗಿ ನಿಲ್ಲುತ್ತದೆ. ಕಳೆಯುವ ಚಿಹ್ನೆಯದೂ ಇದೇ ಕಥೆ. 2-3 ಎಂದರೆ ವ್ಯವಕಲನ. 2 -3 ಎಂದರೆ ಎರಡು ಸಂಖ್ಯೆಗಳ ಪಟ್ಟಿ, ಅದರಲ್ಲೊಂದು ಋಣಸಂಖ್ಯೆ. ಅಲ್ಲಿ ಸಂಖ್ಯೆಯ ಬಣ್ಣ ಆ ಅಡ್ಡಗೆರೆಯನ್ನೂ ಒಳಗೆ ಸೇರಿಸಿಕೊಳ್ಳಬೇಕು.

ಬಹುಪಾಲು ಹೈಲೈಟರುಗಳು ಮಾಡುವುದು ಬೇರೆ ಕೆಲಸ. ದತ್ತಾಂಶ ಹುಡುಕಲು ಬಳಸುವ ಸೆಲೆಕ್ಟ್, ಫ್ರಮ್, ವೇರ್ ಎಂಬ ಪದಗಳಿಗೆ ಢಾಳಾದ ನೀಲಿಯನ್ನೋ ನೇರಳೆಯನ್ನೋ ಬಳಿದು ಕೂರುತ್ತವೆ. ಅವನ್ನು ಬಣ್ಣವಿಲ್ಲದೆಯೂ ಯಾರು ಬೇಕಾದರೂ ಓದಿಯಾರು! ಗೋ ಭಾಷೆಯನ್ನು ರೂಪಿಸಿದವರಲ್ಲೊಬ್ಬರಾದ ರಾಬ್ ಪೈಕ್ ಈ ಬಣ್ಣಗಾರಿಕೆಯೇ ಮಕ್ಕಳಾಟ ಎಂದು ತಳ್ಳಿಹಾಕಿದವರು. ನಾನು ಅಷ್ಟು ದೂರ ಹೋಗಲಾರೆ. ಕೋಡಿಗೆ ಬಣ್ಣ ಕೊಟ್ಟ ಮೊದಲ ಎಡಿಟರುಗಳಲ್ಲಿ ಐಬಿಎಂನ ಮೈಕ್ ಕೌಲಿಶಾ 1980ರ ದಶಕದಲ್ಲಿ ಬರೆದ ಲೆಕ್ಸ್ ಒಂದು. ಅದು ಹುಟ್ಟಿದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕೆಲಸಕ್ಕಾಗಿ. ನಿಘಂಟುಕಾರರು ಮಕ್ಕಳಾಟ ಆಡುವವರಲ್ಲ.

ಕ್ಯೂ ಇಷ್ಟು ಬಿಗಿಯಾಗಿರುವುದಕ್ಕೆ ವಂಶದ ಕಾರಣವಿದೆ. ಕೆನ್ನೆತ್ ಐವರ್ಸನ್ ಗಣಿತಕ್ಕೆಂದು ಕಟ್ಟಿದ ಸಂಕೇತಲಿಪಿ 1962ರಲ್ಲಿ ಪುಸ್ತಕವಾಗಿ, ಮುಂದೆ ಎಪಿಎಲ್ ಎಂಬ ಭಾಷೆಯಾಯಿತು. ಒಳ್ಳೆಯ ಸಂಕೇತ ಯೋಚನೆಗೇ ಉಪಕರಣ ಎಂಬುದು 1979ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಅವರು ಮಂಡಿಸಿದ ವಾದ. ಅದೇ ದಾರಿಯಲ್ಲಿ ಬಂದ ಆರ್ಥರ್ ವಿಟ್ನಿ ಮೊದಲು ಕೆ ಭಾಷೆಯನ್ನೂ ಆಮೇಲೆ 2003ರಲ್ಲಿ ಕೆಡಿಬಿ ಪ್ಲಸ್ ಎಂಬ ಡೇಟಾಬೇಸಿನ ಜೊತೆಗೆ ಕ್ಯೂವನ್ನೂ ತಂದರು. ಷೇರುಪೇಟೆಯ ಕ್ಷಣಕ್ಷಣದ ವಹಿವಾಟನ್ನು ತುಂಬಿಟ್ಟು ಜಾಲಾಡಲು ಬ್ಯಾಂಕುಗಳು ಅದನ್ನು ಬಳಸುತ್ತವೆ. ಲೆಕ್ಕ ಬಲದಿಂದ ಎಡಕ್ಕೆ ನಡೆಯುವುದರಿಂದ ಇಲ್ಲಿ 2*3+4 ಎಂದರೆ 10 ಅಲ್ಲ, 14.

ಬಣ್ಣ ಸೋಲುವ ಜಾಗವೊಂದಿದೆ. ಎಫ್ ಎಂಬ ಹೆಸರಿನ ಪಕ್ಕ ಎಕ್ಸ್ ಬರೆದರೆ, ಎಫ್ ಫಂಕ್ಷನ್ ಆಗಿದ್ದಲ್ಲಿ ಅದು ಎಕ್ಸ್ ಮೇಲೆ ಕೆಲಸ ಮಾಡುತ್ತದೆ. ಪಟ್ಟಿಯಾಗಿದ್ದಲ್ಲಿ ಎಕ್ಸನೆಯ ಜಾಗದಲ್ಲಿರುವುದನ್ನು ತೆಗೆದುಕೊಡುತ್ತದೆ. ಬರವಣಿಗೆ ಎರಡಕ್ಕೂ ಒಂದೇ. ಯಾವುದೆಂದು ತಿಳಿಯುವುದು ಪ್ರೋಗ್ರಾಂ ಓಡುವಾಗ, ಅಕ್ಷರಗಳ ಮೇಲೆ ಕಣ್ಣಾಡಿಸುವ ಹೈಲೈಟರಿಗೆ ಅದು ದಕ್ಕುವುದಿಲ್ಲ. ಮಾರ್ಷಲ್ ಲೊಕ್‌ಬಾಮ್ 2020ರಲ್ಲಿ ಹೊರತಂದ ಇದೇ ವಂಶದ ಬಿಕ್ಯೂಎನ್ ಎಂಬ ಭಾಷೆ ಇದನ್ನು ಕಾಗುಣಿತದಲ್ಲೇ ಬಗೆಹರಿಸಿತು. ಅಲ್ಲಿ ದೊಡ್ಡಕ್ಷರದಿಂದ ಶುರುವಾದ ಹೆಸರು ಫಂಕ್ಷನ್, ಚಿಕ್ಕಕ್ಷರದ್ದು ದತ್ತಾಂಶ. ಬಣ್ಣ ಹಚ್ಚುವವರಿಗೆ ಅದು ಸುಗ್ಗಿ.

ಆದರೂ ನನ್ನ ಮತ ಕ್ಯೂಗೆ. ನಿನ್ನೆ ಸೂತ್ರದಿಂದ ಲೆಕ್ಕ ಹಾಕುತ್ತಿದ್ದ ದರವನ್ನು ಇವತ್ತು ಸಿದ್ಧಪಟ್ಟಿಯಿಂದ ಎತ್ತಿಕೊಳ್ಳೋಣ ಎಂದುಕೊಳ್ಳಿ. ಎಫ್‌ನ ವ್ಯಾಖ್ಯೆಯೊಂದನ್ನು ತಿದ್ದಿದರೆ ಮುಗಿಯಿತು, ಅದನ್ನು ಕರೆಯುವ ಸಾಲುಗಳನ್ನು ಮುಟ್ಟಬೇಕಾಗಿಯೇ ಇಲ್ಲ.