ಹುಂಡಿಗಿಲ್ಲದ ತೆರಿಗೆ ಡಬ್ಬಿಗೆ ಯಾಕೆ?

ದೇವರ ಹುಂಡಿಗೆ ದುಡ್ಡು ಹಾಕಿದವನ ಹೆಸರನ್ನು ತೆರಿಗೆಯವರು ಕೇಳೋದಿಲ್ಲ. ಹಾಸ್ಟೆಲ್ ಮಕ್ಕಳ ಊಟಕ್ಕೆ ಅಂತ ಕೇರಿ ಕೇರಿ ತಿರುಗಿ ಡಬ್ಬಿ ಅಲ್ಲಾಡಿಸಿದರೆ ಮಾತ್ರ ಕೊಟ್ಟೋರ ಹೆಸರೆಲ್ಲಿ, ವಿಳಾಸ ಎಲ್ಲಿ ಅಂತ ಕೇಳ್ತಾರೆ.

1961ರ ಆದಾಯ ತೆರಿಗೆ ಕಾಯ್ದೆಗೆ 2006ರಲ್ಲಿ 115ಬಿಬಿಸಿ ಅನ್ನೋ ಕಲಮು ಸೇರಿತು. ಕೊಟ್ಟವರ ಹೆಸರು, ವಿಳಾಸ ಬರೆದಿಡದ ಹಣ ಅನಾಮಧೇಯ ದೇಣಿಗೆ. ತೆರಿಗೆ ವಿನಾಯಿತಿ ಪಡೆದ ಸಂಘವಾದರೂ ಅದಕ್ಕೆ ನೂರಕ್ಕೆ 30 ಕಟ್ಟಬೇಕು. ಒಟ್ಟು ದೇಣಿಗೆಯ ನೂರಕ್ಕೆ 5 ಅಥವಾ 1 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅಷ್ಟು ಮಾತ್ರ ಮಾಫಿ. ವರ್ಷಕ್ಕೆ 10 ಲಕ್ಷ ಕೂಡಿಸಿದ ಸಂಘದ ಡಬ್ಬಿಯಲ್ಲಿ 4 ಲಕ್ಷ ಹೆಸರಿಲ್ಲದ್ದು ಅಂತಿಟ್ಟುಕೊಳ್ಳಿ. 3 ಲಕ್ಷದ ಮೇಲೆ 90,000 ಹೋಯ್ತು. ಅಷ್ಟು ದುಡ್ಡಿನ ಅಕ್ಕಿ ಎಷ್ಟು ತಿಂಗಳು ಬರ್ತಿತ್ತು ಅಂತ ಹಾಸ್ಟೆಲ್ ನಡೆಸಿದವರನ್ನು ಕೇಳಿ.

ಬರೀ ಧಾರ್ಮಿಕ ಸಂಸ್ಥೆಗೆ ಈ ಕಲಮು ತಾಗೋದಿಲ್ಲ. ಧರ್ಮದ ಜೊತೆ ದಾನವನ್ನೂ ಮಾಡುವ ಮಠಕ್ಕೂ ತಾಗೋದಿಲ್ಲ. ಅದರ ಶಾಲೆಗೆ, ಆಸ್ಪತ್ರೆಗೆ ಅಂತಲೇ ಕೊಟ್ಟ ಹೆಸರಿಲ್ಲದ ಹಣಕ್ಕೆ ಮಾತ್ರ ತೆರಿಗೆ! ಪೂಜೆಗೆ ಕೊಟ್ಟರೆ ಮಾಫಿ, ಪಾಠಕ್ಕೆ ಕೊಟ್ಟರೆ ಸುಂಕ. 2025ರ ಹೊಸ ಕಾಯ್ದೆಯಲ್ಲೂ ನೂರಕ್ಕೆ 30 ಉಳಿದಿದೆ, ಧಾರ್ಮಿಕ ಸಂಸ್ಥೆಗಳ ವಿನಾಯಿತಿಯೂ ಉಳಿದಿದೆ.

ಕಪ್ಪುಹಣ ತಡೆಯೋಕೆ ಅಂದರು. ಡೊನೇಷನ್ ಕಾಲೇಜುಗಳ ವ್ಯವಹಾರ ನಮಗೂ ಗೊತ್ತಿದೆ, ತಡೆಯಲಿ. ಆದರೆ ಕಪ್ಪುಹಣಕ್ಕೆ ಗುಡಿಯ ದಾರಿ ಗೊತ್ತಿಲ್ವಾ?

ರಸೀದಿ ಬರೆದರಾಯ್ತಲ್ಲ ಅಂತಾರೆ ಪೇಟೆಯ ಲೆಕ್ಕಿಗರು. ಜಮೀನ್ದಾರನ ಹೊಲದಲ್ಲಿ ಕೂಲಿ ಮಾಡೋ ಅವ್ವ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡ್ತಾಳೆ, ಹೆಸರು ಬರೀಬೇಡ ಮಗಾ ಅಂತಾಳೆ. ಆ ಪಟ್ಟಿ ಉಳ್ಳವರ ಕೈಗೆ ಸಿಕ್ಕರೆ ನಾಳೆಯ ಕೂಲಿ ತಪ್ಪುತ್ತೆ. ಅವಳಿಗೆ ಹೆಸರು ಮುಚ್ಚಿಡೋದು ಕಳ್ಳತನವಲ್ಲ, ಹೊಟ್ಟೆಪಾಡು.

1961ರ ಕಾಯ್ದೆಗೆ ಒಂದು ಕಡೆ ಕಣ್ಣಿತ್ತು. ಒಂದೇ ಜಾತಿಯ ಹಿತಕ್ಕೆ ಕಟ್ಟಿದ ದತ್ತಿಗೆ 13ನೇ ಕಲಮು ವಿನಾಯಿತಿ ಕೊಡಲಿಲ್ಲ. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಹೆಂಗಸರು ಮಕ್ಕಳಿಗೆ ಕಟ್ಟಿದ್ದು ಜಾತಿ ಸಂಸ್ಥೆಯಲ್ಲ ಅಂತಲೂ ಅಲ್ಲೇ ಬರೆಯಿತು. ಅದೇ ಕಣ್ಣು ನಮ್ಮ ಡಬ್ಬಿಯ ಮೇಲೂ ಬೀಳಬೇಕು. ಸಣ್ಣ ಮೊತ್ತದ ಕೈದೇಣಿಗೆಗೆ, ಅದು ಹತ್ತು ಲಕ್ಷವಾದರೂ, ಹುಂಡಿಗಿರುವ ವಿನಾಯಿತಿಯೇ ಸಿಗಬೇಕೆಂದು ಕೇಳೋಣ.

ಅಲ್ಲಿಯತನಕ ಬಂಧುಗಳೇ, ಹೆಸರು ಕೊಡಬಲ್ಲ ನೌಕರರು ರಸೀದಿ ಪಡೆದೇ ಕೊಡಿ. ನಿಮ್ಮ ಹೆಸರಿಗೆ ಅವ್ವನ ಹೆಸರಿಗಿರುವ ಅಪಾಯವಿಲ್ಲ. ಡಬ್ಬಿಯನ್ನು ಸಭೆಯಲ್ಲೇ ಒಡೆದು, ನಾಲ್ಕು ಜನರೆದುರು ಎಣಿಸಿ, ಅವತ್ತೇ ಪುಸ್ತಕಕ್ಕೆ ಬರೀರಿ. ತೆರಿಗೆ ತಪ್ಪಿಸೋಕೆ ಸುಳ್ಳು ಹೆಸರಿನ ರಸೀದಿ ಮಾತ್ರ ಹರಿಯಬೇಡಿ.