ಪದವಿ ಇದೆ, ಪರವಾನಗಿ ಎಲ್ಲಿ?

ಸೆಪ್ಟೆಂಬರ್ 15 ಬಂತೆಂದರೆ ಮುಂಬಯಿ, ಪುಣೆಗಳ ಕನ್ನಡಿಗರಾದ ನಾವು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಅಭಿಮಾನದಿಂದ ನೆನೆಯುತ್ತೇವೆ. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದ ಆ ಮಹನೀಯರ ಜನ್ಮದಿನವೇ ದೇಶದ ಇಂಜಿನಿಯರುಗಳ ದಿನ. ಆದರೆ ಅಂದು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ: ಇಂಜಿನಿಯರ್ ಎಂದು ಸಹಿ ಹಾಕುವ ಅಧಿಕಾರವನ್ನು ಈ ದೇಶದಲ್ಲಿ ಯಾರು ಕೊಡುತ್ತಾರೆ?

ಲೆಕ್ಕ ಪರಿಶೋಧಕರಿಗೆ 1949ರ ಕಾಯ್ದೆಯಿದೆ, ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ಇಂಜಿನಿಯರುಗಳ ವೃತ್ತಿಗೆ ಮಾತ್ರ ಅಂಥ ಕೇಂದ್ರ ಕಾಯ್ದೆ ಬಂದಿಲ್ಲ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಸಂಸ್ಥೆಯು ಚಾರ್ಟರ್ಡ್ ಇಂಜಿನಿಯರ್ ಎಂಬ ಮನ್ನಣೆ ನೀಡುತ್ತದೆ. ಅದು ಗೌರವದ ಮನ್ನಣೆ ನಿಜ. ಆದರೆ ಅದನ್ನು ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. ಕಟ್ಟಡಗಳ ಮಟ್ಟಿಗೆ ಆಯಾ ನಗರಪಾಲಿಕೆಗಳು ತಮ್ಮ ವ್ಯಾಪ್ತಿಗೆ ಪರವಾನಗಿ ಕೊಡುತ್ತವೆ. 2001ರ ಭೂಕಂಪದಲ್ಲಿ ಅಹಮದಾಬಾದಿನ ಬಹುಮಹಡಿ ಕಟ್ಟಡಗಳು ನೆಲಕಚ್ಚಿದ್ದನ್ನು ಕಂಡ ಗುಜರಾತ್, 2006ರಲ್ಲಿ ಸಿವಿಲ್ ಇಂಜಿನಿಯರುಗಳಿಗಾಗಿ ತನ್ನದೇ ಕಾನೂನು ಮಾಡಿತು. ಆದರೆ ಇಡೀ ದೇಶಕ್ಕೆ ಒಂದೇ ನೋಂದಣಿ ಪುಸ್ತಕವಿಲ್ಲ.

ಇದು ಕೇವಲ ಇಂಜಿನಿಯರುಗಳ ಸಮಸ್ಯೆಯೆಂದು ನಾವು ಭಾವಿಸುವಂತಿಲ್ಲ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರರ ದೃಢತೆಯ ಪ್ರಮಾಣಪತ್ರ ಬೇಕು. ನಮ್ಮವರಲ್ಲಿ ಅನೇಕರು ಇಂಥ ಹಳೆಯ ಸೊಸೈಟಿಗಳಲ್ಲೇ ಬದುಕು ಕಟ್ಟಿಕೊಂಡವರು. ಸೊಸೈಟಿಯ ಸಭೆಯಲ್ಲಿ ಚರ್ಚೆಯಾಗುವುದು ಮಾತ್ರ ಯಾರು ಕಡಿಮೆ ಶುಲ್ಕಕ್ಕೆ ವರದಿ ಕೊಡುತ್ತಾರೆ ಎಂಬುದೇ! 2019ರ ಮಾರ್ಚ್ 14ರ ಸಂಜೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿಯ ಪಾದಚಾರಿ ಸೇತುವೆ ಕುಸಿದು ಜೀವಹಾನಿಯಾಯಿತು. ಆ ಸೇತುವೆ ಬಳಕೆಗೆ ಯೋಗ್ಯವೆಂಬ ತಪಾಸಣಾ ವರದಿ ಅದಕ್ಕೆ ಮೊದಲೇ ಬಂದಿತ್ತು. ಕಾಗದ ಗಟ್ಟಿಯಾಗಿತ್ತು, ಸೇತುವೆ ಗಟ್ಟಿಯಿರಲಿಲ್ಲ.

ಬೇರೆಡೆಯ ಅನುಭವವೇನು? ಅಮೆರಿಕದ ವಯೋಮಿಂಗ್ ರಾಜ್ಯವು 1907ರಲ್ಲಿಯೇ ಇಂಜಿನಿಯರುಗಳಿಗೆ ಪರವಾನಗಿ ಕಡ್ಡಾಯಗೊಳಿಸಿತು. ನೀರಿನ ಹಕ್ಕಿನ ಅರ್ಜಿಗಳೊಡನೆ ಬರುತ್ತಿದ್ದ ನಕ್ಷೆಗಳಿಗೆ ಆ ವಿದ್ಯೆ ಅರಿಯದವರೂ ಸಹಿ ಹಾಕುತ್ತಿದ್ದುದೇ ಅದಕ್ಕೆ ಕಾರಣ. ಇಂದು ಆ ದೇಶದಲ್ಲಿ ಪದವಿಯ ಬಳಿಕ ಒಂದು ಪರೀಕ್ಷೆ, ಸಾಮಾನ್ಯವಾಗಿ ನಾಲ್ಕು ವರ್ಷಗಳ ಅನುಭವ, ಮತ್ತೊಂದು ಪರೀಕ್ಷೆ. ಆಮೇಲೆಯೇ ಮೊಹರು ಒತ್ತುವ ಅಧಿಕಾರ. ಎಲ್ಲ ಪದವೀಧರರೂ ಈ ಹಾದಿ ಹಿಡಿಯುವುದಿಲ್ಲ. ಸಾರ್ವಜನಿಕರ ಸುರಕ್ಷತೆಗೆ ಹೊಣೆಯಾಗಿ ಸಹಿ ಮಾಡುವವರಿಗೆ ಅದು ಅನಿವಾರ್ಯ.

ನಮ್ಮಲ್ಲಿಯೂ 2025ರಲ್ಲಿ ವೃತ್ತಿಪರ ಇಂಜಿನಿಯರುಗಳ ಪರಿಷತ್ತು ರಚಿಸುವ ಮಸೂದೆಯ ಕರಡು ಸಾರ್ವಜನಿಕರ ಮುಂದೆ ಬಂತು. ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿಗಷ್ಟೇ ರಕ್ಷಣೆ ಕೊಟ್ಟರೆ ಸಾಲದು. 1972ರ ಕಾಯ್ದೆಯು ವಾಸ್ತುಶಿಲ್ಪಿ ಎಂಬ ಹೆಸರಿನ ಬಳಕೆಯನ್ನು ನಿರ್ಬಂಧಿಸುತ್ತದೆಯೇ ಹೊರತು ಆ ಕೆಲಸವನ್ನು ಇತರರು ಮಾಡುವುದನ್ನಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. ಯಾವ ಕೆಲಸಕ್ಕೆ ಪರವಾನಗಿ ಬೇಕೆಂಬುದನ್ನು ಹೊಸ ಕಾನೂನು ಸ್ಪಷ್ಟವಾಗಿ ಹೇಳದಿದ್ದರೆ ಇದೇ ಗೊಂದಲ ಮರುಕಳಿಸೀತು. ಹಾಗೆಯೇ ಸಣ್ಣ ಊರುಗಳಲ್ಲಿ ಪ್ರಾಮಾಣಿಕವಾಗಿ ದುಡಿಯುವ ಡಿಪ್ಲೊಮಾ ಇಂಜಿನಿಯರುಗಳ ಅನ್ನಕ್ಕೆ ಕುತ್ತು ಬರಬಾರದು. ಅವರ ಅನುಭವಕ್ಕೂ ಬೆಲೆ ಸಿಗಬೇಕು.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಸಹಿಯ ಭಾರ ಗೊತ್ತು. ಸಾಲದ ಕಡತಕ್ಕೆ ಹಾಕಿದ ಸಹಿಗೆ ವರ್ಷಗಳ ಬಳಿಕವೂ ಉತ್ತರ ಕೊಡಬೇಕಾಗುತ್ತದೆ. ಹಣಕ್ಕೇ ಇಷ್ಟು ಹೊಣೆಗಾರಿಕೆಯಿರುವಾಗ, ನೂರಾರು ಜನ ನೆಮ್ಮದಿಯಿಂದ ಮಲಗುವ ಸೂರಿನ ಮೇಲಿನ ಸಹಿಗೆ ಅದಕ್ಕಿಂತ ಹೆಚ್ಚಿನ ಹೊಣೆ ಬೇಡವೇ? ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸೊಸೈಟಿ ಸಭೆಯಲ್ಲಿ ಶುಲ್ಕವನ್ನು ಕೇಳುವ ಮೊದಲು ಇಂಜಿನಿಯರರ ನೋಂದಣಿ ಸಂಖ್ಯೆಯನ್ನೂ ಅನುಭವವನ್ನೂ ಕೇಳೋಣ. ವಿಶ್ವೇಶ್ವರಯ್ಯನವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಅದೇ.