ಹಿತ್ತಿಲ ತೋಟದ ಆರೋಗ್ಯ

ಹಿತ್ತಿಲಿನಲ್ಲಿ ನಾಲ್ಕು ಬದನೆ, ಹತ್ತು ಬೆಂಡೆ, ಒಂದು ಸಾಲು ಟೊಮೆಟೊ ಬೆಳೆದುಕೊಂಡ ಮನೆಗೆ ತರಕಾರಿಯ ಬಡತನವಿಲ್ಲ. ಆದರೆ ಗಿಡ ನೆಡುವಾಗಿನ ಉತ್ಸಾಹ ಅದನ್ನು ಕಾಯುವಾಗ ಉಳಿಯುವುದು ಅಪರೂಪ. ಎಲೆ ಬಾಡಿದ ಮೇಲೆ ಔಷಧಿಯನ್ನು ಅರಸಿ ಓಡುವುದೇ ಹಲವರ ರೂಢಿ. ಈ ರೂಢಿ ಬಹುಮಟ್ಟಿಗೆ ನಿಷ್ಫಲವಾದುದು. ರೋಗವನ್ನು ಬಾರದಂತೆ ತಡೆಯುವುದೇ ತೋಟಗಾರನ ನಿಜವಾದ ವಿದ್ಯೆ.

ಇದಕ್ಕೆ ಕಾರಣ ರೋಗಗಳ ಸ್ವಭಾವದಲ್ಲಿಯೇ ಇದೆ. ಬೆಂಡೆಯ ಎಲೆಯ ನರಗಳನ್ನು ಹಳದಿಯಾಗಿಸುವ ರೋಗ ವೈರಾಣುವಿನಿಂದ ಬರುವಂಥದು. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತಿರುಗುತ್ತದೆ. ಒಮ್ಮೆ ಒಳಹೊಕ್ಕ ವೈರಾಣುವನ್ನು ಹೊರದೂಡಬಲ್ಲ ಸಿಂಪಡಣೆ ಯಾವುದೂ ಇಲ್ಲ. ಬದನೆ, ಟೊಮೆಟೊ ಗಿಡಗಳು ಹಸಿರಾಗಿರುವಾಗಲೇ ಜೋಲುಬಿದ್ದು ಸಾಯುವ ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಅಡಗಿರುತ್ತದೆ. ಅಂಥ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದರೆ, ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಇಳಿಯುತ್ತವೆ. ಅವು ಅಸಂಖ್ಯಾತ ಬ್ಯಾಕ್ಟೀರಿಯಾಗಳ ಮೊತ್ತ. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗೆಡ್ಡೆ ಒಂದೇ ಕುಟುಂಬದ ಸಸ್ಯಗಳು. ಒಂದು ಸತ್ತ ಜಾಗದಲ್ಲಿ ಇನ್ನೊಂದನ್ನು ನೆಡುವುದು ರೋಗಾಣುವಿಗೆ ಔತಣವಿತ್ತಂತೆ. ಅಲ್ಲಿ ಮುಸುಕಿನ ಜೋಳವನ್ನೋ ಅಲಸಂದೆಯನ್ನೋ ಬೆಳೆಯುವುದು ವಿವೇಕ.

ತಡೆಯ ಉಪಾಯಗಳು ಸರಳವಾದವು. ನೀರು ನಿಲ್ಲದಂತೆ ಸಸಿಮಡಿಯನ್ನು ಎತ್ತರಿಸಿದರೆ ಎಳೆಯ ಸಸಿಗಳ ಬುಡ ಕೊಳೆಯುವುದು ಕಡಿಮೆಯಾಗುತ್ತದೆ. ಗಿಡಗಳ ನಡುವೆ ಗಾಳಿ ಆಡಬೇಕು. ನೀರನ್ನು ಎಲೆಗೆ ಎರಚದೆ ಬುಡಕ್ಕೆ, ಬೆಳಗಿನ ಹೊತ್ತು ಉಣಿಸಬೇಕು. ತೇವದ ಎಲೆಯ ಮೇಲೆ ಶಿಲೀಂಧ್ರಗಳು ಸುಲಭವಾಗಿ ಮೊಳೆಯುತ್ತವೆ. ಬೀಜದ ಆಯ್ಕೆಯೂ ಮುಖ್ಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ‘ಅರ್ಕಾ ರಕ್ಷಕ್’ ಟೊಮೆಟೊ ತಳಿಗೆ ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ರೋಗ ಈ 3ನ್ನೂ ಎದುರಿಸುವ ಶಕ್ತಿಯುಂಟು.

ಎಲ್ಲಕ್ಕಿಂತ ಕಠಿನವಾದುದು ರೋಗ ತಗುಲಿದ ಗಿಡವನ್ನು ಕೀಳುವುದು. ಹೂಬಿಟ್ಟ ಗಿಡವನ್ನು ಕಿತ್ತೆಸೆಯಲು ಕೈ ಹಿಂಜರಿಯುತ್ತದೆ. ಇನ್ನೆರಡು ಕಾಯಿ ಬಿಡಲಿ ಎಂಬ ಆಸೆ ಅಡ್ಡಬರುತ್ತದೆ. ಆ ಎರಡು ಕಾಯಿಗಳಿಗಾಗಿ ಇಡೀ ಸಾಲು ಬಲಿಯಾಗುತ್ತದೆ. ಒಂದು ಗಿಡದ ಮೇಲಿನ ಕುರುಡು ಮಮತೆ ಉಳಿದವುಗಳಿಗೆ ಮಾಡುವ ದ್ರೋಹವೇ ಸರಿ. ಬಿಳಿನೊಣಕ್ಕೆ ಬೇಲಿಯ ಹಂಗಿಲ್ಲವಾದುದರಿಂದ ಅದು ನೆರೆಯವರ ತೋಟಕ್ಕೆ ಮಾಡುವ ದ್ರೋಹವೂ ಹೌದು.

ಅಂಗಡಿಯಲ್ಲಿ ಔಷಧಿ ದೊರೆಯುವಾಗ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಕೆಲವೊಮ್ಮೆ ಔಷಧಿ ಅನಿವಾರ್ಯವಾಗಬಹುದು. ಆದರೆ ಹಿತ್ತಿಲಿನ ಕಾಯಿ ಅಂದೇ ಅಡಿಗೆಮನೆಗೆ ಹೋಗುವಂಥದು; ಟೊಮೆಟೊವನ್ನು ಮಕ್ಕಳು ಹಸಿಯಾಗಿಯೇ ತಿನ್ನುವರು. ಅದರ ಮೇಲೆ ವಿಷವೆರಚಿ ಗಿಡವನ್ನು ಉಳಿಸಿದರೆ ಬಂದ ಲಾಭವೇನು? ದಿನಕ್ಕೊಮ್ಮೆ ಗಿಡಗಳ ನಡುವೆ ನಡೆದು, ಎಲೆಯ ಅಡಿಮಗ್ಗುಲನ್ನು ತಿರುವಿ ನೋಡುವ ಕಣ್ಣು ಹಲವು ಔಷಧಿಗಳಿಗಿಂತ ಮೇಲು.